ತನ್ನೂರಿನ ಲೆಕ್ಕ ತಾನೇ ಬರೆದರೆ: ಪದವಿ ವಿದ್ಯಾರ್ಥಿಗಳ ಅರ್ಥಶಾಸ್ತ್ರ ಸಂಶೋಧನೆ

ತೇಣಿ ಜಿಲ್ಲೆಯ ಓಡೈಪಟ್ಟಿಯಲ್ಲಿ ಒಂದು ಮನೆಯ ಜಗುಲಿ. ಬಿ.ಎ. ಅರ್ಥಶಾಸ್ತ್ರ ಓದುವ ಹುಡುಗಿಯೊಬ್ಬಳು ಪ್ರಶ್ನಾವಳಿ ಹಿಡಿದು ಕೂತಿದ್ದಾಳೆ ಎಂದುಕೊಳ್ಳಿ. ಪ್ರಶ್ನೆಗಳು ತಮಿಳಿನಲ್ಲಿವೆ, ಎದುರಿಗೆ ಕೂತ ಅಜ್ಜಿ ಉತ್ತರ ಹೇಳುವುದು ಕನ್ನಡದಲ್ಲಿ. ಮುಕ್ಕಾಲು ಎಕರೆಯನ್ನು ಒತ್ತಿಗೆ ಕೊಟ್ಟಿದ್ದೇವೆ ಎನ್ನುತ್ತಾರೆ ಅಜ್ಜಿ. ಈ ಒತ್ತಿಯನ್ನು ಯಾವ ಕಲಮಿನಲ್ಲಿ ಬರೆಯಬೇಕು? ತಮಿಳುನಾಡಿನಲ್ಲಿ ಒತ್ತಿ ಎಂದರೆ ಹಣ ಕೊಟ್ಟವನು ಆ ಹಣ ವಾಪಸಾಗುವವರೆಗೆ ಜಮೀನನ್ನು ಅನುಭವಿಸುವ ಕರಾರು. ನಮ್ಮ ಕಡೆ ಅದನ್ನೇ ಭೋಗ್ಯ ಎನ್ನುತ್ತೇವೆ. ಬಡ್ಡಿ ಕೊಡಬೇಕಿಲ್ಲ, ಗೇಣಿ ಬರುವುದಿಲ್ಲ. 'ಗೇಣಿಗೆ ಕೊಟ್ಟ ಜಮೀನು' ಎಂಬ ಕಲಮಿನಲ್ಲಿ ಬರೆದರೆ ಅಜ್ಜಿಯ ಮನೆ ಜಮೀನ್ದಾರರ ಮನೆಯಂತೆ ಕಾಣುತ್ತದೆ. 'ಸಾಲ' ಎಂಬ ಕಲಮಿನಲ್ಲಿ ಬರೆದರೆ ಸಾಲಗಾರರ ಮನೆ. ನಿಜ ಎರಡನೆಯದಕ್ಕೆ ಹತ್ತಿರ. ಮಗಳ ಮದುವೆಗೋ ಬೋರ್‌ವೆಲ್ ಕೊರೆಸುವುದಕ್ಕೋ ಹಣ ಬೇಕಾದಾಗ ಜಮೀನು ಹೀಗೆ ಕೈಬಿಟ್ಟಿರುತ್ತದೆ.

ದೂರದಿಂದ ಬಂದ ಎಣಿಕೆದಾರನಿಗೆ ಇದು ಹೊಳೆಯಲು ಎರಡು ದಿನ ಬೇಕು. ಆ ಹುಡುಗಿಗೆ ಕೇಳಿದ ಕೂಡಲೇ ಗೊತ್ತಾಗುತ್ತದೆ, ಏಕೆಂದರೆ ಅವಳ ಮನೆಯ ಮಾತೂ ಅದೇ, ಕಷ್ಟವೂ ಅದೇ. ಹಾಗಾದರೆ ಇಪ್ಪತ್ತು ವರ್ಷದ ಪದವಿ ವಿದ್ಯಾರ್ಥಿನಿಯ ಈ ತಿಳಿವಳಿಕೆಯನ್ನು ಸಂಶೋಧನೆ ಎನ್ನಬಹುದೇ? ಅಥವಾ ಅದು ಕಲಿಕೆಯ ಅಭ್ಯಾಸ ಮಾತ್ರವೇ? ಅರ್ಥಶಾಸ್ತ್ರದ ಅಧ್ಯಾಪಕರಲ್ಲಿ ಈ ಚರ್ಚೆಗೆ ನೂರು ವರ್ಷ ದಾಟಿದೆ. ನಮ್ಮ ದೇಶದಲ್ಲಿ ಅದು ಗಟ್ಟಿಯಾಗಿ ಶುರುವಾದ ಕಡೆಗಳಲ್ಲಿ ದಕ್ಷಿಣ ಭಾರತವೂ ಒಂದು.

ಸ್ಲೇಟರ್ ಕೊಟ್ಟ ರಜೆಯ ಕೆಲಸ

ಗಿಲ್ಬರ್ಟ್ ಸ್ಲೇಟರ್ ಆಕ್ಸ್‌ಫರ್ಡಿನ ರಸ್ಕಿನ್ ಕಾಲೇಜಿನ ಪ್ರಾಂಶುಪಾಲರಾಗಿದ್ದವರು. 1915ರ ಕೊನೆಯಲ್ಲಿ ಮದರಾಸು ವಿಶ್ವವಿದ್ಯಾಲಯಕ್ಕೆ ಭಾರತೀಯ ಅರ್ಥಶಾಸ್ತ್ರದ ಮೊದಲ ಪ್ರಾಧ್ಯಾಪಕರಾಗಿ ಬಂದರು. ಇಂಗ್ಲೆಂಡಿನ ಕಾರ್ಖಾನೆ, ಬ್ಯಾಂಕುಗಳ ಮೇಲೆ ಬರೆದ ಪಠ್ಯದಿಂದ ಇಲ್ಲಿನ ಹುಡುಗರಿಗೆ ಇಲ್ಲಿನ ಬದುಕು ಅರ್ಥವಾಗದು ಎಂಬುದು ಅವರಿಗೆ ಬೇಗ ತಿಳಿಯಿತು. ಒಂದು ಪ್ರಶ್ನಾವಳಿ ತಯಾರಿಸಿ, ರಜೆಗೆ ಹೋಗುವ ವಿದ್ಯಾರ್ಥಿಗಳ ಕೈಗಿಟ್ಟು, ನಿಮ್ಮ ಊರಿನ ಲೆಕ್ಕ ಬರೆದು ತನ್ನಿ ಎಂದರು. ಜಮೀನು ಯಾರದು, ಕೂಲಿ ಎಷ್ಟು, ಸಾಲ ಯಾರಿಂದ, ದನ ಎಷ್ಟು, ಊರು ಬಿಟ್ಟು ಹೋದವರು ಯಾರು ಎಂಬ ಪ್ರಶ್ನೆಗಳು. ಹೀಗೆ ಬಂದ ವರದಿಗಳು 1918ರಲ್ಲಿ 'ಸಮ್ ಸೌತ್ ಇಂಡಿಯನ್ ವಿಲೇಜಸ್' ಎಂಬ ಪುಸ್ತಕವಾದವು. ದಕ್ಷಿಣ ಆರ್ಕಾಟಿನ ಇರುವೇಲ್ಪಟ್ಟು, ತಂಜಾವೂರಿನ ಪಾಲಕುರಿಚಿ, ತಿರುನೆಲ್ವೇಲಿಯ ಗಂಗೈಕೊಂಡಾನ್, ರಾಮನಾಡಿನ ವಡಮಲೈಪುರಂ ಅಂದು ದಾಖಲಾದ ಊರುಗಳಲ್ಲಿ ಕೆಲವು.

ಆ ಪುಸ್ತಕ ಅಂದು ಎಷ್ಟು ಬೆಲೆ ಬಾಳಿತೋ ಅದಕ್ಕಿಂತ ಹೆಚ್ಚು ಆಮೇಲೆ ಬಾಳಿತು. ಪಿ.ಜೆ. ಥಾಮಸ್ ಮತ್ತು ಕೆ.ಸಿ. ರಾಮಕೃಷ್ಣನ್ 1930ರ ದಶಕದಲ್ಲಿ ಅದೇ ಊರುಗಳಿಗೆ ಮತ್ತೆ ಹೋಗಿಬಂದು 1940ರಲ್ಲಿ ಮರುಸಮೀಕ್ಷೆ ಪ್ರಕಟಿಸಿದರು. 1961ರಲ್ಲಿ ಮಾರ್ಗರೆಟ್ ಹ್ಯಾಸ್ವೆಲ್ ಹೋದರು. 1980ರ ದಶಕದ ಆರಂಭದಲ್ಲಿ ಎಸ್. ಗುಹನ್ ಮತ್ತು ಜೋನ್ ಮೆಂಚರ್ ಇರುವೇಲ್ಪಟ್ಟಿಗೆ ಮರಳಿದರು. 2008ರಲ್ಲಿ ಜಾನ್ ಹ್ಯಾರಿಸ್, ಜೆ. ಜೆಯರಂಜನ್, ಕೆ. ನಾಗರಾಜ್ ಅದೇ ಊರನ್ನು ಮತ್ತೊಮ್ಮೆ ನೋಡಿದರು. ಒಂದೇ ಊರಿನ ಜಮೀನು, ಕೂಲಿ, ಜಾತಿ ರಾಜಕೀಯದ ತೊಂಬತ್ತು ವರ್ಷಗಳ ಕಥೆ ನಮಗೆ ಸಿಕ್ಕಿದ್ದು ಹೀಗೆ. ಆ ಸರಪಳಿಯ ಮೊದಲ ಕೊಂಡಿ ಒಬ್ಬ ವಿದ್ಯಾರ್ಥಿ ರಜೆಯಲ್ಲಿ ತುಂಬಿದ ಪ್ರಶ್ನಾವಳಿ. ಪದವಿ ವಿದ್ಯಾರ್ಥಿಯ ಕೆಲಸ ಸಂಶೋಧನೆ ಹೇಗಾದೀತು ಎಂದು ಯಾರಾದರೂ ಕೇಳಿದರೆ ನಾನು ಇರುವೇಲ್ಪಟ್ಟನ್ನು ತೋರಿಸುತ್ತೇನೆ.

ಆದರೆ ಈ ಪರಂಪರೆಯ ದೋಷವನ್ನೂ ಹೇಳಲೇಬೇಕು. ಅಂದು ಮದರಾಸಿನ ಕಾಲೇಜು ಮೆಟ್ಟಿಲು ಹತ್ತಿದವರಲ್ಲಿ ಬಹುಪಾಲು ಜಮೀನಿದ್ದ ಮನೆಯವರು, ಮೇಲುಜಾತಿಯವರು. ತನ್ನ ಮನೆಯ ಆಳಿನ ಕೂಲಿ ಎಷ್ಟೆಂದು ಒಡೆಯನ ಮಗ ಬರೆಯಬಲ್ಲ. ಆ ಕೂಲಿಯಲ್ಲಿ ಹೊಟ್ಟೆ ತುಂಬುತ್ತದೆಯೇ ಎಂದು ಅವನು ಕೇಳಿದರೆ ಆಳು ಏನೆಂದು ಉತ್ತರಿಸಿಯಾನು? ಊರಿನವನೇ ಎಣಿಸುವುದರ ಲಾಭದ ಜೊತೆಗೇ ಈ ಕುರುಡೂ ಬರುತ್ತದೆ.

ಎಣಿಕೆಯನ್ನು ಸೇವೆ ಎಂದವರು

ಸ್ಲೇಟರ್ ವಿದ್ಯಾರ್ಥಿಯನ್ನು ಊರಿಗೆ ಕಳಿಸಿದ್ದು ಅರ್ಥಶಾಸ್ತ್ರ ಕಲಿಯಲಿ ಎಂದು. ಜೆ.ಸಿ. ಕುಮಾರಪ್ಪ ಕಳಿಸಿದ್ದು ಊರಿಗೆ ಉಪಯೋಗವಾಗಲಿ ಎಂದು. ಗಾಂಧೀಜಿಯವರ ಗುಜರಾತ್ ವಿದ್ಯಾಪೀಠದಲ್ಲಿ ಪಾಠ ಮಾಡುತ್ತಿದ್ದ ಅವರು ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಖೇಡಾ ಜಿಲ್ಲೆಯ ಮಾತರ್ ತಾಲ್ಲೂಕಿನ ಹಳ್ಳಿಗಳನ್ನು ಸುತ್ತಿದರು. 1931ರಲ್ಲಿ ಬಂದ ಆ ವರದಿ ಕಂದಾಯ ರೈತನ ಶಕ್ತಿಗೆ ಮೀರಿದ್ದು ಎಂಬುದನ್ನು ಮನೆಮನೆಯ ಲೆಕ್ಕದಿಂದ ತೋರಿಸಿತು. ಅಂಕಿಯನ್ನು ಸರ್ಕಾರದ ಮುಂದೆ ಇಡುವ ಸಾಕ್ಷಿಯಾಗಿ ಬಳಸಿದ್ದು ಅದರ ವಿಶೇಷ. ಕುಮಾರಪ್ಪನವರ ಕೊನೆಯ ವರ್ಷಗಳು ಮಧುರೈ ಸೀಮೆಯ ಟಿ. ಕಲ್ಲುಪಟ್ಟಿಯ ಗಾಂಧಿ ನಿಕೇತನ ಆಶ್ರಮದಲ್ಲಿ ಕಳೆದವು.

ಅದೇ ಸೀಮೆಯಲ್ಲಿ, ಇಂದಿನ ದಿಂಡಿಗಲ್ ಜಿಲ್ಲೆಯ ಚಿನ್ನಾಳಪಟ್ಟಿಯ ಪಕ್ಕದಲ್ಲಿ, ಟಿ.ಎಸ್. ಸೌಂದರಂ ಮತ್ತು ಜಿ. ರಾಮಚಂದ್ರನ್ 1947ರಲ್ಲಿ ಗಾಂಧಿಗ್ರಾಮವನ್ನು ಕಟ್ಟಿದರು. ಅಲ್ಲಿನ ಗ್ರಾಮೀಣ ಸಂಸ್ಥೆ 1976ರಲ್ಲಿ ಡೀಮ್ಡ್ ವಿಶ್ವವಿದ್ಯಾಲಯವಾಯಿತು. ವಿದ್ಯಾರ್ಥಿಗಳು ಕೆಲವು ದಿನ ಹಳ್ಳಿಯಲ್ಲೇ ಉಳಿದು ಸಮೀಕ್ಷೆ ಮಾಡುವ ರೂಢಿ ಅಲ್ಲಿ ಓದಿನ ಭಾಗವೇ ಆಗಿದೆ. ಈ ಪಂಥದವರಿಗೆ ಸಂಶೋಧನೆ ಹೊಸದೇ, ಹಳೆಯದೇ ಎಂಬುದು ಎರಡನೆಯ ಮಾತು. ಲೆಕ್ಕ ಊರಿಗೆ ವಾಪಸು ಬಂತೇ ಎಂಬುದು ಮೊದಲ ಮಾತು. ಇದರ ತೊಡಕೂ ಅಲ್ಲೇ ಇದೆ: ಸೇವೆಯ ಉತ್ಸಾಹದಲ್ಲಿ ಪ್ರಶ್ನೆ ಕೇಳುವ ಮೊದಲೇ ಉತ್ತರ ಸಿದ್ಧವಾಗಿರುವ ಅಪಾಯ.

ಒಂದು ಊರು ಸಾಕೇ?

ಸ್ವಾತಂತ್ರ್ಯ ಬಂದ ಮೇಲೆ ಗಾಳಿ ಬೇರೆ ಕಡೆ ಬೀಸಿತು. 1950ರಲ್ಲಿ ಸಂಖ್ಯಾಶಾಸ್ತ್ರಜ್ಞ ಪಿ.ಸಿ. ಮಹಾಲನೋಬಿಸ್ ಅವರ ಮುಂದಾಳತ್ವದಲ್ಲಿ ರಾಷ್ಟ್ರೀಯ ಮಾದರಿ ಸಮೀಕ್ಷೆ ಶುರುವಾಯಿತು. ಇಡೀ ದೇಶದ ಮಾತು ಹೇಳಬೇಕಾದರೆ ಒಂದು ಊರಿನ ಎಲ್ಲ ಮನೆಗಿಂತ ಸಾವಿರಾರು ಊರುಗಳ ಕೆಲವೇ ಮನೆಗಳನ್ನು ಚೀಟಿ ಎತ್ತಿದಂತೆ ಆರಿಸಿ ನೋಡುವುದು ಮೇಲು ಎಂಬುದು ಅದರ ತಳಹದಿ. ಈ ವಾದವನ್ನು ತಳ್ಳಿಹಾಕುವಂತಿಲ್ಲ. ಓಡೈಪಟ್ಟಿಯಲ್ಲಿ ಕೂಲಿ ಏರಿತು ಎಂಬುದರಿಂದ ತಮಿಳುನಾಡಿನಲ್ಲಿ ಕೂಲಿ ಏರಿತು ಎಂದು ಹೇಳಲಾಗದು.

ಇಂದು ಮಾದರಿ ಸಮೀಕ್ಷೆಯ ಮನೆಮನೆಯ ಅಂಕಿಗಳು, 2017-18ರಿಂದ ನಡೆಯುತ್ತಿರುವ ಕಾರ್ಮಿಕ ಬಲ ಸಮೀಕ್ಷೆಯ ಅಂಕಿಗಳು ಯಾರಿಗೆ ಬೇಕಾದರೂ ಉಚಿತವಾಗಿ ಸಿಗುತ್ತವೆ. ದೆಹಲಿ, ಬೆಂಗಳೂರು, ಚೆನ್ನೈಗಳ ದೊಡ್ಡ ಕಾಲೇಜುಗಳಲ್ಲಿ ಪದವಿ ಸಂಶೋಧನೆ ಎಂದರೆ ಬಹುಪಾಲು ಈ ಅಂಕಿಗಳನ್ನು ಕಂಪ್ಯೂಟರಿಗೆ ಹಾಕಿ ರಿಗ್ರೆಷನ್ ಓಡಿಸುವುದು. ಇದರಿಂದ ಹುಡುಗರು ಕಲಿಯುವುದು ನಿಜವಾಗಿಯೂ ಇದೆ. ಎರಡು ಸಂಗತಿ ಒಟ್ಟಿಗೆ ನಡೆದವೆಂದರೆ ಒಂದು ಇನ್ನೊಂದಕ್ಕೆ ಕಾರಣವೆಂದಲ್ಲ ಎಂಬ ಎಚ್ಚರ ಸಣ್ಣ ಪಾಠವಲ್ಲ. ಆದರೂ ನನ್ನ ಅನುಮಾನ ಒಂದಿದೆ. ಅಜ್ಜಿಯ ಒತ್ತಿ ಯಾವ ಕಲಮಿಗೆ ಹೋಯಿತು ಎಂದು ಒಮ್ಮೆಯೂ ನೋಡದವರು ಆ ಕಲಮಿನ ಮೊತ್ತವನ್ನು ನಂಬಿ ಸಮೀಕರಣ ಬರೆಯುತ್ತಾರೆ. ಅಂಕಿ ಹುಟ್ಟುವ ಜಾಗ ನೋಡದವರಿಗೆ ಅಂಕಿಯ ಕಾಯಿಲೆ ಗೊತ್ತಾಗುವುದಿಲ್ಲ.

ಚೀಟಿ ಎತ್ತುವವರು, ಊರಲ್ಲಿ ಕೂರುವವರು ಎಂಬ ಈ ಎರಡು ಗುಂಪಿನ ಜಗಳ ಪೂರ್ತಿ ತೀರಿಲ್ಲ. ಆದರೆ ಹಿಂದಿನಷ್ಟು ಬಿಸಿಯೂ ಇಲ್ಲ. ಮಾದರಿ ಸಮೀಕ್ಷೆ ಎಷ್ಟು ಎಂಬುದನ್ನೂ ಊರಿನ ಅಧ್ಯಯನ ಹೇಗೆ, ಯಾಕೆ ಎಂಬುದನ್ನೂ ಹೇಳುತ್ತವೆ ಎಂದು ಈಗ ಹೆಚ್ಚಿನವರು ಒಪ್ಪುತ್ತಾರೆ.

ಕಾಲುವೆ ಬಂದ ಊರು, ಬಾರದ ಊರು

ಹೇಗೆ, ಯಾಕೆ ಎಂಬುದಕ್ಕೆ ಕನ್ನಡನಾಡು ಕೊಟ್ಟ ಉದಾಹರಣೆಗೆ ಸಮನಾದದ್ದು ಕಡಿಮೆ. 1954ರಿಂದ 56ರವರೆಗೆ ಸ್ಕಾರ್ಲೆಟ್ ಎಪ್‌ಸ್ಟೀನ್ ಎಂಬ ಅರ್ಥಶಾಸ್ತ್ರಜ್ಞೆ ಮಂಡ್ಯ ಸೀಮೆಯ ಎರಡು ಹಳ್ಳಿಗಳಲ್ಲಿ ಇದ್ದು ಮನೆಮನೆಯ ಬಜೆಟ್ ಬರೆದುಕೊಂಡರು. ಹಳ್ಳಿಗಳಿಗೆ ವಂಗಲ, ದಲೇನ ಎಂಬ ಮರೆಹೆಸರಿಟ್ಟರು. ಕೃಷ್ಣರಾಜಸಾಗರದ ನಾಲೆ ವಂಗಲದ ಜಮೀನಿಗೆ ನೀರು ತಂದಿತ್ತು. ದಲೇನ ದಿಣ್ಣೆಯ ಮೇಲಿತ್ತು, ನೀರು ಹತ್ತಲಿಲ್ಲ. ನೀರು ಬಂದ ಊರೇ ಹೆಚ್ಚು ಬದಲಾಗಿರಬೇಕು ಎಂದು ಯಾರಾದರೂ ಊಹಿಸುತ್ತಾರೆ. ಕಂಡದ್ದು ತಿರುಗುಮುರುಗು. ವಂಗಲದವರು ಕಬ್ಬು ಹಾಕಿ ಹಣ ಮಾಡಿದರು, ಆದರೆ ಬೇಸಾಯದಲ್ಲೇ ಉಳಿದರು. ಒಡೆಯ ಮತ್ತು ಆಳಿನ ಹಳೆಯ ನಂಟು ಅಲ್ಲಿ ಹೆಚ್ಚು ಕದಲಲಿಲ್ಲ. ದಲೇನದವರಿಗೆ ಊರಿನಲ್ಲಿ ದಾರಿ ಇರಲಿಲ್ಲ. ಮಂಡ್ಯದಲ್ಲಿ ಕೆಲಸ ಹುಡುಕಿದರು, ಗಾಡಿ ಹೊಡೆದರು, ಗಿರಣಿ ಹಾಕಿದರು, ನೀರಿದ್ದ ಪಕ್ಕದ ಊರುಗಳಲ್ಲಿ ಜಮೀನು ಕೊಂಡರು. ಊರೊಳಗಿನ ಹಳೆಯ ಕಟ್ಟುಪಾಡು ಅಲ್ಲಿ ಬೇಗ ಸಡಿಲವಾಯಿತು. ಈ ಅಧ್ಯಯನ 1962ರಲ್ಲಿ ಪುಸ್ತಕವಾಗಿ ಬಂತು. 1970ರಲ್ಲಿ ಎಪ್‌ಸ್ಟೀನ್ ಮತ್ತೆ ಅದೇ ಊರುಗಳಿಗೆ ಬಂದು ಅದಕ್ಕೆ ಮುಂದುವರಿಕೆ ಬರೆದರು.

ಅದಕ್ಕೂ ಮೊದಲು, 1948ರಲ್ಲಿ, ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಮೈಸೂರಿನ ಬಳಿಯ ಕೊಡಗಹಳ್ಳಿಯಲ್ಲಿ ಕೂತಿದ್ದರು. ಅವರು ರಾಂಪುರ ಎಂದು ಕರೆದದ್ದು ಆ ಊರನ್ನೇ. 1970ರಲ್ಲಿ ಸ್ಟ್ಯಾನ್‌ಫರ್ಡಿನಲ್ಲಿ ಬೆಂಕಿ ಬಿದ್ದು ಅವರು ವಿಂಗಡಿಸಿಟ್ಟುಕೊಂಡಿದ್ದ ಟಿಪ್ಪಣಿಗಳು ಹಾಳಾದವು. ಬಹುಪಾಲು ನೆನಪಿನಿಂದ ಬರೆದ ಪುಸ್ತಕ 1976ರಲ್ಲಿ ಬಂತು. ತಾನು ಬ್ರಾಹ್ಮಣನಾದ್ದರಿಂದ, ಊರ ದೊಡ್ಡವರ ಆಸರೆಯಲ್ಲಿ ಇದ್ದುದರಿಂದ ದಲಿತರ ಕೇರಿಯನ್ನು ಬೇಕಾದಷ್ಟು ನೋಡಲಾಗಲಿಲ್ಲ ಎಂದು ಅವರೇ ಒಪ್ಪಿಕೊಂಡಿದ್ದಾರೆ. ಅಂಥ ವಿದ್ವಾಂಸರಿಗೇ ಇದ್ದ ಮಿತಿ ಇದು.

ಈಗ ಓಡೈಪಟ್ಟಿ ಇರುವ ತೇಣಿ ಜಿಲ್ಲೆಯ ಕಂಬಂ ಕಣಿವೆಗೆ ಬರೋಣ. 1895ರಲ್ಲಿ ಬ್ರಿಟಿಷ್ ಇಂಜಿನಿಯರ್ ಪೆನ್ನಿಕ್ವಿಕ್ ಮುಗಿಸಿದ ಮುಲ್ಲಪೆರಿಯಾರ್ ಅಣೆಕಟ್ಟಿನ ನೀರು ಬೆಟ್ಟ ಕೊರೆದ ಸುರಂಗದಿಂದ ಈ ಕಣಿವೆಗೆ ಇಳಿಯುತ್ತದೆ. ಆ ನೀರಿನ ಗದ್ದೆಗಳಿರುವ ಊರುಗಳಲ್ಲಿ ಒಂದು ಉತ್ತಮಪಾಳೆಯಂ ಬಳಿಯ ಗೋಕಿಲಾಪುರಂ. ಅರ್ಥಶಾಸ್ತ್ರಜ್ಞ ವಿ.ಕೆ. ರಾಮಚಂದ್ರನ್ 1977ರಲ್ಲಿ, ಈ ಕಣಿವೆ ಇನ್ನೂ ಮಧುರೈ ಜಿಲ್ಲೆಗೆ ಸೇರಿದ್ದಾಗ, ಅಲ್ಲಿ ಮನೆಮನೆ ಸಮೀಕ್ಷೆ ಮಾಡಿದರು. ಕೂಲಿಕಾರ ನಿಜಕ್ಕೂ ತನ್ನ ದುಡಿಮೆಯನ್ನು ಇಷ್ಟಬಂದವರಿಗೆ ಮಾರಬಲ್ಲನೇ, ಇಲ್ಲವೇ ಸಾಲ, ಮನೆ ಜಾಗ, ಜಾತಿಯ ಹಗ್ಗದಿಂದ ಒಬ್ಬ ಒಡೆಯನಿಗೆ ಕಟ್ಟಿಬಿದ್ದಿದ್ದಾನೆಯೇ ಎಂಬುದು ಅವರ ಪ್ರಶ್ನೆ. 1990ರಲ್ಲಿ ಬಂದ ಅವರ ಪುಸ್ತಕದ ಶೀರ್ಷಿಕೆಯಲ್ಲೇ ಕೂಲಿಯ ಜೊತೆ ಸ್ವಾತಂತ್ರ್ಯಹೀನತೆ ಎಂಬ ಮಾತಿದೆ. 1999ರಲ್ಲಿ ಮಧುರಾ ಸ್ವಾಮಿನಾಥನ್, ವಿಕಾಸ್ ರಾವಲ್ ಜೊತೆ ಅದೇ ಊರಿನಲ್ಲಿ ಮತ್ತೆ ಸಮೀಕ್ಷೆ ಮಾಡಿ, ಹೆಣ್ಣು ಕೂಲಿಕಾರರ ಸ್ಥಿತಿ ಎರಡು ದಶಕದಲ್ಲಿ ಏನಾಯಿತು ಎಂದು ಬರೆದರು. ಬೆಂಗಳೂರಿನ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿ ಪಾಠ ಮಾಡಿದ ರಾಮಚಂದ್ರನ್, ಮಧುರಾ ಅವರ ಬಳಗ ಮುಂದೆ ಮಂಡ್ಯದ ಆಲಬುಜನಹಳ್ಳಿ, ಕೋಲಾರದ ಸಿರೆಸಂದ್ರ, ಕಲಬುರಗಿಯ ಝಾಪುರಗಳಲ್ಲೂ ಇಂಥದೇ ಕೆಲಸ ಮಾಡಿತು.

ಇಷ್ಟು ಗಟ್ಟಿ ಅಧ್ಯಯನ ಕಣಿವೆಯ ಮಧ್ಯದಲ್ಲೇ ಇದ್ದರೂ ಅದರ ಪಕ್ಕಕ್ಕೆ ಇಟ್ಟು ನೋಡುವ ಊರು ಸಿಕ್ಕಿಲ್ಲ ಎಂಬುದು ನನ್ನ ಕೊರಗು. ಕಾಲುವೆ ನೀರಿನ ಗದ್ದೆಯ ಊರುಗಳಿಗೂ, ಬೆಟ್ಟದ ಬುಡದಲ್ಲಿ ಬಾವಿ, ಬೋರ್‌ವೆಲ್ ನಂಬಿದ ತೋಟದ ಊರುಗಳಿಗೂ ಅಂತರವೇನು? ಎಪ್‌ಸ್ಟೀನ್ ಮಂಡ್ಯದಲ್ಲಿ ಕೇಳಿದ ಪ್ರಶ್ನೆಯನ್ನೇ ಇಲ್ಲಿ ಕೇಳಬಹುದು. ಓಡೈಪಟ್ಟಿ ಬೀಜರಹಿತ ದ್ರಾಕ್ಷಿಗೆ ಹೆಸರಾದ ಊರು. ಕಣಿವೆಯ ಪನ್ನೀರ್ ದ್ರಾಕ್ಷಿಗೆ 2023ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿತು. ದ್ರಾಕ್ಷಿ ಬೆಳೆಯ ಲೆಕ್ಕ ಬರೆಯುವುದು ಭತ್ತದ ಲೆಕ್ಕದಂತಲ್ಲ. ಕಲ್ಲುಕಂಬ, ತಂತಿಯ ಚಪ್ಪರಕ್ಕೆ ಹಾಕಿದ ಹಣವನ್ನು ಹಲವು ವರ್ಷಕ್ಕೆ ಹಂಚಬೇಕು. ಪನ್ನೀರ್ ದ್ರಾಕ್ಷಿ ಇಲ್ಲಿ ವರ್ಷವಿಡೀ ಕೊಯ್ಲಿಗೆ ಬರುತ್ತದೆ, ಒಂದೇ ಬಳ್ಳಿ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ ಹಣ್ಣು ಕೊಡುತ್ತದೆ. ಹೋದ ವರ್ಷ ಆದಾಯ ಎಷ್ಟು ಎಂದು ಕೇಳಿದರೆ ರೈತ ಯಾವ ಕೊಯ್ಲಿನಿಂದ ಯಾವ ಕೊಯ್ಲಿನವರೆಗೆ ಎಂದು ತಿರುಗಿ ಕೇಳುತ್ತಾನೆ. ಬಳ್ಳಿ ಸವರಿದ ದಿನದಿಂದ ಎಣಿಸಬೇಕು. ಅದು ಗೊತ್ತಿರುವುದು ತೋಟದ ಮನೆಯ ಮಕ್ಕಳಿಗೆ.

ಇನ್ನೊಂದು ಪ್ರಶ್ನೆ ರಸ್ತೆಯ ಮೇಲೇ ಇದೆ. ಕಣಿವೆಯಿಂದ ಕೂಲಿ ಹೆಂಗಸರು ಬೆಳಗಾಗುವ ಮೊದಲೇ ಜೀಪು ಹತ್ತಿ ಕುಮಳಿ, ಕಂಬಂಮೆಟ್ಟು, ಬೋಡಿಮೆಟ್ಟಿನ ಘಾಟಿ ದಾಟಿ ಇಡುಕ್ಕಿಯ ಏಲಕ್ಕಿ ತೋಟಗಳಿಗೆ ಹೋಗಿ ಸಂಜೆ ಮರಳುತ್ತಾರೆ. ಬೆಟ್ಟದಾಚೆಯ ಕೂಲಿ ಕಣಿವೆಯ ಕೂಲಿಯನ್ನು ಮೇಲೆತ್ತಿದೆಯೇ? ಜೀಪಿನ ಬಾಡಿಗೆ ಯಾರು ಕೊಡುತ್ತಾರೆ, ಕೂಲಿಯಲ್ಲಿ ಹಿಡಿಯುತ್ತಾರೆಯೇ? ಇದಕ್ಕೆ ಸಮೀಕರಣ ಬೇಡ. ನಸುಕಿನಲ್ಲಿ ಎದ್ದು ಜೀಪು ನಿಲ್ಲುವ ಜಾಗಕ್ಕೆ ಹೋಗುವ ಮನಸ್ಸು ಬೇಕು.

ಮನೆಮಾತು ಮತ್ತು ಕಲಮು

ಕಣಿವೆಯ ಕನ್ನಡಿಗರ ವಿಷಯ ಇಲ್ಲಿ ಸೇರಿಸಲೇಬೇಕು. ಕನ್ನಡ ಮನೆಮಾತಿನ ಕಪ್ಪಿಲಿಯರು ತುಂಗಭದ್ರೆಯ ಕಡೆಯಿಂದ ವಲಸೆ ಬಂದ ಬೇಸಾಯಗಾರರೆಂಬ ಐತಿಹ್ಯ, ದಕ್ಷಿಣ ಭಾರತದ ಜಾತಿಗಳ ಬಗ್ಗೆ ಥರ್ಸ್ಟನ್ ಬರೆದ 1909ರ ಗ್ರಂಥದಲ್ಲಿ ದಾಖಲಾಗಿದೆ. ಕಂಬಂನಲ್ಲಿ ಅವರು ಕಾಯುವ ದೇವರ ದನದ ಮಂದೆ ಇಂದಿಗೂ ಹೆಸರಾಗಿದೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು, ಅರ್ಥಶಾಸ್ತ್ರದ ಪುಸ್ತಕದಲ್ಲಿ ಇಂಗ್ಲಿಷ್. ಹೀಗೆ ಮೂರು ಭಾಷೆ ದಾಟಿ ಒಂದು ಉತ್ತರ ಕಲಮು ಸೇರುತ್ತದೆ.

ಶ್ರೀನಿವಾಸ್ ಕಂಡ ಮೈಸೂರು ಹಳ್ಳಿಯಲ್ಲಿ ಜೀತ ಎಂದರೆ ವರ್ಷಕ್ಕಿಷ್ಟು ಎಂದು ಗೊತ್ತುಮಾಡಿಕೊಂಡು ಒಂದು ಮನೆಯಲ್ಲಿ ದುಡಿಯುವುದು. 1976ರ ಜೀತಪದ್ಧತಿ ರದ್ದು ಕಾಯಿದೆಯ ನಂತರ ಅದೇ ಮಾತು ಅಪರಾಧದ ಹೆಸರಾಯಿತು. ಒಡೆಯನ ಜಮೀನಿಗೆ ಕಟ್ಟುಬಿದ್ದ ಆಳು ಎಂಬ ಅರ್ಥದ ತಮಿಳಿನ ಪಣ್ಣೈಯಾಳ್ ಎಂಬ ಮಾತಿಗೂ ಹೆಚ್ಚುಕಡಿಮೆ ಇದೇ ಗತಿ. ಕಾಯಿದೆ ಬಂದ ಮೇಲೆ ಎಣಿಸಲು ಹೋದವನಿಗೆ ಜೀತದಾಳುಗಳು ಕಡಿಮೆ ಸಿಕ್ಕರೆ, ಜೀತ ಕಡಿಮೆಯಾಯಿತೋ ಆ ಮಾತು ಆಡುವುದು ಕಡಿಮೆಯಾಯಿತೋ? ಈ ಅನುಮಾನ ಬರಬೇಕಾದರೆ ಮನೆಮಾತು ಗೊತ್ತಿರಬೇಕು. ಪದವಿ ವಿದ್ಯಾರ್ಥಿ ದೊಡ್ಡ ಸಂಶೋಧಕನಿಗಿಂತ ಮುಂದಿರುವ ಜಾಗ ಇದೊಂದೇ ಇರಬಹುದು. ಆದರೆ ಇದು ಸಣ್ಣ ಜಾಗವಲ್ಲ.

ಉದ್ದದ ಪ್ರಶ್ನಾವಳಿಯ ವಿರುದ್ಧ

1970ರ ದಶಕದಲ್ಲಿ ಉತ್ತರ ಆರ್ಕಾಟಿನಲ್ಲಿ ಕೆಲಸ ಮಾಡಿದ ರಾಬರ್ಟ್ ಚೇಂಬರ್ಸ್ 1983ರ ತಮ್ಮ ಪುಸ್ತಕದಲ್ಲಿ ಇಡೀ ಸಮೀಕ್ಷಾ ಪದ್ಧತಿಯನ್ನೇ ಪ್ರಶ್ನಿಸಿದರು. ಸಂಶೋಧಕರು ಡಾಂಬರು ರಸ್ತೆಯ ಪಕ್ಕದ ಊರಿಗೆ, ಮಳೆಯಿಲ್ಲದ ತಿಂಗಳಲ್ಲಿ ಹೋಗುತ್ತಾರೆ. ಮುಂದೆ ಬಂದು ಮಾತಾಡುವ ಗಂಡಸರನ್ನೇ ಕೇಳುತ್ತಾರೆ. ಪುಟಗಟ್ಟಲೆ ಪ್ರಶ್ನೆ ತುಂಬಿಸುತ್ತಾರೆ, ವರದಿ ಬರುವ ಹೊತ್ತಿಗೆ ಎಲ್ಲವೂ ಹಳತಾಗಿರುತ್ತದೆ. ಅದರ ಬದಲು ಊರವರೇ ನೆಲದ ಮೇಲೆ ರಂಗೋಲಿ ಪುಡಿ, ಕಾಳು, ಕಡ್ಡಿಗಳಿಂದ ಊರಿನ ನಕ್ಷೆ ಬಿಡಿಸಿ ಬಡವರ ಮನೆ ಯಾವುದೆಂದು ತೋರಿಸುವ ಸಹಭಾಗಿ ವಿಧಾನ ಬಂತು. ಅದನ್ನು ನಮ್ಮಲ್ಲಿ ಬೆಳೆಸಿದವರಲ್ಲಿ ಬೆಂಗಳೂರಿನ ಮೈರಾಡ ಸಂಸ್ಥೆ ಮುಖ್ಯ. ಕಡಿಮೆ ಸಮಯ, ಕಡಿಮೆ ಖರ್ಚು ಇರುವ ಪದವಿ ವಿದ್ಯಾರ್ಥಿಗೆ ಇದು ಒಗ್ಗುತ್ತದೆ. ಆದರೆ ಹತ್ತು ವರ್ಷ ಬಿಟ್ಟು ಮತ್ತೆ ಅದೇ ಊರಿಗೆ ಹೋದವರಿಗೆ ಹೋಲಿಸಲು ಅಂಕಿ ಉಳಿಯುವುದಿಲ್ಲ.

ನಾಲ್ಕನೇ ವರ್ಷ

ಅಮೆರಿಕದ ಎಂಐಟಿ ಪದವಿ ವಿದ್ಯಾರ್ಥಿಗಳನ್ನು ಸಂಶೋಧನೆಗೆ ಸೇರಿಸಿಕೊಳ್ಳುವ ಕಾರ್ಯಕ್ರಮವನ್ನು 1969ರಲ್ಲಿ ಶುರುಮಾಡಿತು. ಸಂಶೋಧನೆಯೇ ಕಲಿಕೆಯ ದಾರಿ ಎಂಬ ಮಾತು ಮುಂದೆ ನಮ್ಮ 2020ರ ರಾಷ್ಟ್ರೀಯ ಶಿಕ್ಷಣ ನೀತಿಗೂ ಬಂತು. ಯುಜಿಸಿಯ 2022ರ ಚೌಕಟ್ಟಿನ ಪ್ರಕಾರ ಮೊದಲ ಆರು ಸೆಮಿಸ್ಟರಿನಲ್ಲಿ ಶೇ. 75 ಅಂಕ ಪಡೆದವರು ನಾಲ್ಕನೇ ವರ್ಷದಲ್ಲಿ ಸಂಶೋಧನೆ ಸಹಿತ ಆನರ್ಸ್ ಪದವಿಗೆ ಹೋಗಬಹುದು. ಕರ್ನಾಟಕ 2021-22ರಲ್ಲಿ ನಾಲ್ಕು ವರ್ಷದ ಪದವಿ ತಂದು, 2024ರಲ್ಲಿ ಮೂರು ವರ್ಷಕ್ಕೆ ಮರಳಿತು. ತಮಿಳುನಾಡು ಆ ನೀತಿಯನ್ನು ಒಪ್ಪಲೇ ಇಲ್ಲ.

ಹೆಚ್ಚು ಅಂಕದವರಿಗೆ ಮಾತ್ರ ಸಂಶೋಧನೆ ಎಂಬ ಬಾಗಿಲು ನನಗೆ ಒಪ್ಪಿಗೆಯಿಲ್ಲ. ಸ್ಲೇಟರ್ ಕೆಲಸ ನಡೆದದ್ದು ರಜೆಯಲ್ಲಿ. ಒಂದು ತರಗತಿಯ ನಲವತ್ತು ಮಂದಿ ತಲಾ ಐದು ಮನೆ ಹಿಡಿದರೆ ಇನ್ನೂರು ಮನೆಯಾಯಿತು. ಒಂದು ಸಣ್ಣ ಊರು ಪೂರ್ತಿ ಮುಗಿಯುತ್ತದೆ. ಇದಕ್ಕೆ ನಾಲ್ಕನೇ ವರ್ಷ ಬೇಡ, ಒಬ್ಬ ಮನಸ್ಸಿರುವ ಮೇಷ್ಟ್ರು ಸಾಕು. ಮೂರು ವರ್ಷದ ಪದವಿಯಲ್ಲಿ ಪ್ರಾಜೆಕ್ಟ್ ಈಗಲೂ ಬಹಳ ಕಡೆ ಇದೆ. ಅದರ ಗತಿ ಏನೆಂದು ನಾನು ಒಂದು ಕಾಲೇಜಿನಲ್ಲಿ ಕಣ್ಣಾರೆ ಕಂಡೆ. ಬೈಂಡ್ ಮಾಡಿದ ನೂರಾರು ವರದಿಗಳನ್ನು ಹಗ್ಗ ಕಟ್ಟಿ ರದ್ದಿ ಗಾಡಿಗೆ ಹಾಕುತ್ತಿದ್ದರು. ಅದರಲ್ಲಿ ನಕಲು ಮಾಡಿದ್ದು ಎಷ್ಟೋ ಇದ್ದಿರಬಹುದು. ಯಾವುದೋ ಒಂದರಲ್ಲಿ ಒಂದು ಊರಿನ ಆ ವರ್ಷದ ಕೂಲಿ, ಸಾಲ, ಬೆಳೆಯ ನಿಜವಾದ ಲೆಕ್ಕವಿದ್ದಿದ್ದರೆ ಅದು ಮತ್ತೆ ಸಿಗುವಂತಿಲ್ಲ.

ತೀರದೆ ಉಳಿದದ್ದು

ತನ್ನೂರನ್ನು ತಾನೇ ಎಣಿಸುವವನಿಗೆ ಕಾಣುವುದು ಹೆಚ್ಚೋ, ಕಾಣದೆ ಹೋಗುವುದು ಹೆಚ್ಚೋ ಎಂಬುದು ನೂರು ವರ್ಷ ಕಳೆದರೂ ತೀರ್ಮಾನವಾಗಿಲ್ಲ. ಇಂದು ಕಾಲೇಜಿಗೆ ಬರುವವರಲ್ಲಿ ಕೂಲಿಯವರ ಮಕ್ಕಳಿದ್ದಾರೆ, ದಲಿತ ಕೇರಿಯ ಹೆಣ್ಣುಮಕ್ಕಳಿದ್ದಾರೆ. ಅವರು ಒಡೆಯನ ಮನೆಯ ಜಗುಲಿಯಲ್ಲಿ ಕೂತು ಪ್ರಶ್ನೆ ಕೇಳಿದಾಗ ಸಿಗುವ ಉತ್ತರ ಸ್ಲೇಟರ್ ಕಾಲದ ಉತ್ತರಕ್ಕಿಂತ ಬೇರೆಯೇ ಇರುತ್ತದೆ. ಎಷ್ಟು ಬೇರೆ, ಯಾವ ಕಡೆಗೆ ಬೇರೆ ಎಂಬುದನ್ನು ಯಾರಾದರೂ ಎರಡೂ ಕಡೆಯ ವಿದ್ಯಾರ್ಥಿಗಳನ್ನು ಒಂದೇ ಮನೆಗೆ ಕಳಿಸಿ ನೋಡಬೇಕು. ಪದವಿಯಲ್ಲಿ ಸಮೀಕ್ಷೆ ಮಾಡಿದವರು ಮುಂದೆ ಒಳ್ಳೆಯ ಅರ್ಥಶಾಸ್ತ್ರಜ್ಞರಾಗುತ್ತಾರೆಯೇ, ಇಲ್ಲ ಮೊದಲೇ ಆಸಕ್ತಿ ಇದ್ದವರು ಸಮೀಕ್ಷೆಗೆ ಬರುತ್ತಾರೆಯೇ ಎಂಬುದೂ ಬಿಡಿಸಿಕೊಂಡಿಲ್ಲ. ಹತ್ತಾರು ಕಾಲೇಜುಗಳ ಸಣ್ಣ ಸಮೀಕ್ಷೆಗಳನ್ನು ಕೂಡಿಸಿ ಒಂದು ತಾಲ್ಲೂಕಿನ ಚಿತ್ರ ಬರೆಯಬಹುದೇ ಎಂಬುದು ಇನ್ನೊಂದು. ಕರ್ನಾಟಕದ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ ಎಂದು 2002ರಲ್ಲಿ ಡಿ.ಎಂ. ನಂಜುಂಡಪ್ಪ ಸಮಿತಿ ಹೇಳಿತು. ತಾಲ್ಲೂಕಿನ ಒಳಗೆ ಯಾವ ಊರು, ಯಾವ ಕೇರಿ ಎಂದು ಹೇಳಲು ಪದವಿ ಕಾಲೇಜುಗಳಷ್ಟು ಹತ್ತಿರ ಇರುವವರು ಬೇರೆ ಯಾರೂ ಇಲ್ಲ.

ಓದುವವರಲ್ಲಿ ಅರ್ಥಶಾಸ್ತ್ರದ ಅಧ್ಯಾಪಕರಿದ್ದರೆ ಒಂದು ಬೇಡಿಕೆ. ಈ ವರ್ಷ ವಿದ್ಯಾರ್ಥಿಗಳು ತುಂಬಿ ತಂದ ಪ್ರಶ್ನಾವಳಿಗಳನ್ನು ಎಸೆಯಬೇಡಿ. ಮನೆಯವರ ಹೆಸರು ಮರೆಮಾಡಿ, ಒಂದು ಪ್ರತಿಯನ್ನು ಕಾಲೇಜು ಗ್ರಂಥಾಲಯದಲ್ಲಿ, ಇನ್ನೊಂದನ್ನು ಆ ಊರಿನ ಪಂಚಾಯಿತಿಯಲ್ಲಿ ಇಡಿ. ಮೇಲೆ ವರ್ಷ, ತಿಂಗಳು, ಎಣಿಸಿದ ವಿದ್ಯಾರ್ಥಿಯ ಹೆಸರು ಬರೆಯಿರಿ. ಉತ್ತರ ಕನ್ನಡದಲ್ಲಿ ಬಂದಿದ್ದರೆ ಆ ಕನ್ನಡ ಮಾತನ್ನು ಕಲಮಿನ ಪಕ್ಕದಲ್ಲಿ ಹಾಗೇ ಬರೆದಿಡಿ.